ಪುಟದ ಕಾವು ಪರದೆಗೆ ಯಾಕೆ ಹತ್ತುವುದಿಲ್ಲ?

ದಾವಣಗೆರೆಯ ಶಾಮನೂರಿನಿಂದ ಹರಿಹರಕ್ಕೆ ಹೋಗಿ, ಅಲ್ಲಿಂದ ಶಿವಮೊಗ್ಗದ ದಾರಿ ಹಿಡಿದರೆ ಭದ್ರಾ ನಾಲೆಯ ಗದ್ದೆಗಳ ನಡುವೆ ಮಲೇಬೆನ್ನೂರು ಸಿಗುತ್ತದೆ. ಕನ್ನಡದ ಓದುಗರು ತ.ರಾ.ಸು. ಎಂದೇ ಕರೆಯುವ ತಳುಕಿನ ಸುಬ್ಬರಾಯರು 1920ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ. ಮನೆತನ ಚಳ್ಳಕೆರೆ ಸೀಮೆಯ ತಳುಕಿನದು, ಮನಸ್ಸು ಪೂರ್ತಿ ಚಿತ್ರದುರ್ಗದ ಕೋಟೆಯದು, ಕೊನೆಗಾಲದ ನೆಲೆ ಮೈಸೂರು. ಆದರೂ ನಮ್ಮ ಕಡೆ ಅವರ ಮಾತು ಬಂದರೆ ‘ನಮ್ಮೋರು’ ಅಂತಲೇ ಶುರುವಾಗುತ್ತದೆ.

1972ರಲ್ಲಿ ಪುಟ್ಟಣ್ಣ ಕಣಗಾಲರು ಈ ನಮ್ಮೋರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಕೂಡಿಸಿ ಒಂದು ಸಿನಿಮಾ ಮಾಡಿದರು. ಅದು ಎಂಥ ಚಿತ್ರವಾಯಿತೆಂದು ಯಾರಿಗೂ ಹೇಳಬೇಕಿಲ್ಲ. ವಿಷ್ಣುವರ್ಧನ್ ಎಂಬ ನಾಯಕನನ್ನೂ ಅಂಬರೀಷ್ ಎಂಬ ಇನ್ನೊಬ್ಬನನ್ನೂ ಅದು ಕನ್ನಡಕ್ಕೆ ಕೊಟ್ಟಿತು. ಚಾಮಯ್ಯ ಮೇಷ್ಟ್ರಾಗಿ ಅಶ್ವಥ್ ಮನೆಮನೆಯ ಮೇಷ್ಟ್ರಾದರು. 2018ರಲ್ಲಿ ಅದೇ ಚಿತ್ರ ಹೊಸ ತಂತ್ರಜ್ಞಾನದಲ್ಲಿ ಮತ್ತೆ ತೆರೆಕಂಡಾಗಲೂ ಜನ ಹೋಗಿ ನೋಡಿದರು. ಬರೆದವರಿಗೆ ಮಾತ್ರ ಅದು ಹಿಡಿಸಲಿಲ್ಲ. ನಾಗರಹಾವನ್ನು ಪುಟ್ಟಣ್ಣ ಕೇರೆಹಾವು ಮಾಡಿಬಿಟ್ಟರು ಎಂದು ತ.ರಾ.ಸು. ನೊಂದುಕೊಂಡರೆಂಬ ಮಾತು ಚಿತ್ರರಂಗದಲ್ಲಿ ಇಂದಿಗೂ ಓಡಾಡುತ್ತದೆ.

ಗೆದ್ದ ಚಿತ್ರದ ಬಗ್ಗೆ ಬರೆದವನ ಈ ನೋವನ್ನು ಬರಿಯ ಲೇಖಕನ ಅಹಂಕಾರ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಅದರಲ್ಲಿ ನಿಜವಾದ ಒಂದು ಪ್ರಶ್ನೆ ಇದೆ. ಪುಟದಲ್ಲಿ ಮೈ ಬಿಸಿ ಮಾಡುವ ಪ್ರೇಮ, ಎದೆ ಹೊಡೆದುಕೊಳ್ಳುವ ಹಾಗೆ ಓದಿಸಿಕೊಳ್ಳುವ ಕಾಮ, ಪರದೆಗೆ ಬಂದ ಕೂಡಲೇ ಯಾಕೆ ತಣ್ಣಗಾಗುತ್ತದೆ? ಕಥೆ ಅದೇ, ಹೆಸರುಗಳೂ ಅವೇ, ಎಷ್ಟೋ ಸಲ ಮಾತುಗಳೂ ಅವೇ. ವಿಷ ಮಾತ್ರ ಇಳಿದುಹೋಗಿರುತ್ತದೆ. ಕನ್ನಡದಲ್ಲಿ ಮಾತ್ರವಲ್ಲ, ಹಾಲಿವುಡ್ಡಿನಲ್ಲೂ ಹೀಗೇ ಆಗಿದೆ. ಕಾರಣ ಹುಡುಕಹೊರಟರೆ ನನಗೆ ಮೊದಲು ಕಾಣುವುದು ಕ್ಯಾಮೆರಾ ಅಲ್ಲ, ಸೆನ್ಸಾರೂ ಅಲ್ಲ. ನಾವು ಎಲ್ಲಿ ಕೂತು ಓದಿದೆವು, ಎಲ್ಲಿ ಕೂತು ನೋಡಿದೆವು ಎಂಬುದು.

ನಮ್ಮ ದಾವಣಗೆರೆಯಂಥ ಗಿರಣಿ ಊರಿನಲ್ಲಿ ಕಾದಂಬರಿ ಓದಿದವರು ಬಹುಪಾಲು ಹೆಂಗಸರು. ವಾರಪತ್ರಿಕೆಯ ಧಾರಾವಾಹಿ, ಬಾಡಿಗೆ ಪುಸ್ತಕದ ಸರ್ಕ್ಯುಲೇಟಿಂಗ್ ಲೈಬ್ರರಿ, ಅಕ್ಕಪಕ್ಕದ ಮನೆಗಳ ಕೈಬದಲಿ, ಈ ಮೂರು ದಾರಿಗಳಲ್ಲಿ ತ್ರಿವೇಣಿ, ಎಂ.ಕೆ. ಇಂದಿರಾ, ವಾಣಿ, ಉಷಾ ನವರತ್ನರಾಂ, ಸಾಯಿಸುತೆ ಎಲ್ಲರೂ ಮನೆಯೊಳಕ್ಕೆ ಬಂದರು. ಓದುವ ಹೊತ್ತು ಗೊತ್ತಾಗಿತ್ತು: ಗಂಡಸರು ಕೆಲಸಕ್ಕೆ ಹೋಗಿ, ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ. ಜಾಗವೂ ಗೊತ್ತಿತ್ತು: ನಡುಮನೆಯಲ್ಲಲ್ಲ, ಹಿತ್ತಲ ಬಾಗಿಲ ಹೊಸ್ತಿಲಲ್ಲಿ, ಇಲ್ಲವೇ ಕೋಣೆಯ ಕಿಟಕಿಯ ಪಕ್ಕ. ಬಾಡಿಗೆ ಪುಸ್ತಕವನ್ನು ಮುಚ್ಚಿ ಅದರ ಅಂಚನ್ನು ಬೆಳಕಿಗೆ ಹಿಡಿದು ನೋಡಿದವರಿಗೆ ಗೊತ್ತು, ಹಾಳೆಗಳ ಬಿಳಿಯ ನಡುವೆ ಅಲ್ಲಲ್ಲಿ ತೆಳ್ಳಗೆ ಕಪ್ಪು ಪಟ್ಟಿ ಇರುತ್ತಿತ್ತು. ಆ ಪುಟಗಳನ್ನು ಬೆರಳುಗಳು ಮತ್ತೆ ಮತ್ತೆ ತಿರುವಿ ಹಾಕಿದ್ದವು. ಪುಸ್ತಕವನ್ನು ಕೆಳಗಿಟ್ಟರೆ ಅದು ತಾನಾಗಿ ಅಲ್ಲೇ ತೆರೆದುಕೊಳ್ಳುತ್ತಿತ್ತು. ಅಲ್ಲಿ ಏನಿದೆಯೆಂದು ನೋಡಿದರೆ ಬಹಳ ಸಲ ಏನೂ ಇರುತ್ತಿರಲಿಲ್ಲ. ಒಂದು ನೋಟ, ಮಳೆಯಲ್ಲಿ ನೆನೆದ ಸೆರಗು, ಹೇಳಬೇಕೆಂದಿದ್ದ ಮಾತು ಗಂಟಲಲ್ಲಿ ಸಿಕ್ಕಿಕೊಂಡದ್ದು, ಅಷ್ಟೆ. ಉಳಿದದ್ದನ್ನೆಲ್ಲ ಓದುವವಳು ತಾನೇ ಕಟ್ಟಿಕೊಳ್ಳುತ್ತಿದ್ದಳು. ಅವಳು ಕಟ್ಟಿಕೊಂಡದ್ದನ್ನು ಕೇಳುವವರು, ತಡೆಯುವವರು ಯಾರೂ ಇರಲಿಲ್ಲ.

ಅದೇ ಕಥೆ ಸಿನಿಮಾ ಆಗಿ ಬಂದರೆ ನೋಡುವ ಬಗೆ ಬೇರೆ. ಅಶೋಕ ಟಾಕೀಸಿನ ಹತ್ತಿರದ ರೈಲ್ವೆ ಗೇಟು ಹಾಕಿದ್ದರೆ ಸಂಸಾರ ಸಮೇತ ಬಿಸಿಲಲ್ಲಿ ನಿಂತು, ಗೇಟು ತೆಗೆದ ಮೇಲೆ ಓಡಿ ಟಿಕೆಟ್ ಹಿಡಿಯಬೇಕಿತ್ತು. ಒಳಗೆ ಒಂದು ಪಕ್ಕ ಅತ್ತೆ, ಇನ್ನೊಂದು ಪಕ್ಕ ಮೈದುನ, ಮಡಿಲಲ್ಲಿ ಮಗು, ಮುಂದಿನ ಸಾಲಿನಲ್ಲಿ ಪರಿಚಯದ ಮೇಷ್ಟ್ರು. ಪರದೆಯ ಮೇಲೆ ನಾಯಕ ನಾಯಕಿಯ ಕೈ ಹಿಡಿದರೆ ಗಾಂಧಿ ಕ್ಲಾಸಿನಿಂದ ಸಿಳ್ಳೆ. ಹತ್ತು ತಿಂಗಳ ಹಿಂದೆ ಹೊಸ್ತಿಲಲ್ಲಿ ಕೂತು ಇದೇ ಜಾಗವನ್ನು ಉಸಿರು ಬಿಗಿಹಿಡಿದು ಓದಿದ ಹೆಂಗಸು ಈಗ ತಲೆ ತಗ್ಗಿಸಿ ಮಗುವಿನ ಟೋಪಿ ಸರಿಮಾಡುತ್ತಾಳೆ.

ನಮ್ಮ ಊರು ಇದನ್ನು ಸಿನಿಮಾಕ್ಕಿಂತ ಮೊದಲೇ ಕಂಪನಿ ನಾಟಕದಲ್ಲಿ ಕಂಡಿತ್ತು. ದಾವಣಗೆರೆ ಎಂದರೆ ಚಿಂದೋಡಿ ವೀರಪ್ಪನವರ, ಚಿಂದೋಡಿ ಲೀಲಾ ಅವರ ಊರು, ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. ವೃತ್ತಿರಂಗಭೂಮಿಯಲ್ಲಿ ಶೃಂಗಾರಕ್ಕೆ ಕೊರತೆ ಇರಲಿಲ್ಲ. ಆದರೆ ಅದು ಬಂದದ್ದೆಲ್ಲ ಹಾಸ್ಯದ ವೇಷದಲ್ಲಿ. ಎರಡರ್ಥದ ಮಾತಿಗೆ ಇಡೀ ಟೆಂಟು ಒಟ್ಟಿಗೆ ನಗುತ್ತಿತ್ತು, ಒಟ್ಟಿಗೆ ನಕ್ಕದ್ದರಿಂದ ಯಾರಿಗೂ ನಾಚಿಕೆಯಾಗುತ್ತಿರಲಿಲ್ಲ. ಕಂಪನಿಯ ಕಲಾವಿದರು ಒಂದು ದೊಡ್ಡ ಸತ್ಯವನ್ನು ಅನುಭವದಿಂದ ಅರಿತಿದ್ದರು: ಒಬ್ಬಂಟಿಯಲ್ಲಿ ಕಾವಾಗುವ ಕಾಮ ಗುಂಪಿನಲ್ಲಿ ನಗುವಾಗುತ್ತದೆ, ಇಲ್ಲವೇ ಸಿಳ್ಳೆಯಾಗುತ್ತದೆ, ಇಲ್ಲವೇ ನೀತಿಪಾಠವಾಗುತ್ತದೆ. ಬಿಸಿ ಕಾದಂಬರಿಯ ಸಿನಿಮಾ ಎಡವುವುದು ಇಲ್ಲೇ ಎಂದು ನನ್ನ ನಂಬಿಕೆ. ಒಬ್ಬಳಿಗಾಗಿ ಬರೆದದ್ದನ್ನು ಅದು ಸಾವಿರ ಜನಕ್ಕೆ ತೋರಿಸುತ್ತದೆ, ಆದರೆ ಆ ಸಾವಿರದಲ್ಲಿ ಪ್ರತಿಯೊಬ್ಬರನ್ನೂ ಮತ್ತೆ ಒಬ್ಬಂಟಿ ಮಾಡುವ ದಾರಿ ಹುಡುಕುವುದಿಲ್ಲ.

ಇನ್ನೊಂದು ವಿಷಯ ಹೊತ್ತಿನದು. ತೀರ ಸಾಮಾನ್ಯವಾದ ಒಂದು ಸನ್ನಿವೇಶ ತೆಗೆದುಕೊಳ್ಳಿ. ಮನೆಗೆ ಬಂದ ಗಂಡಸಿಗೆ ನಾಯಕಿ ಕಾಫಿ ಲೋಟ ಕೊಡುತ್ತಾಳೆ, ತೆಗೆದುಕೊಳ್ಳುವಾಗ ಅವನ ಬೆರಳು ಅವಳ ಬೆರಳಿಗೆ ತಾಗುತ್ತದೆ. ಕಾದಂಬರಿಯಲ್ಲಿ ಇದು ಒಂದು ಪುಟ ನಡೆಯಬಹುದು. ಲೋಟ ಬಿಸಿಯಿದ್ದರೂ ಅವಳು ಯಾಕೆ ಬಿಡಲಿಲ್ಲ, ಅವನು ಬೇಕೆಂದೇ ತಾಗಿಸಿದನೋ ಅಕಸ್ಮಾತ್ತಾಗಿಯೋ, ಅಡುಗೆಮನೆಗೆ ಬಂದ ಮೇಲೆ ಆ ಬೆರಳನ್ನು ಅವಳು ಸೆರಗಿನಲ್ಲಿ ಒರೆಸಿಕೊಂಡಳೋ ಮುಚ್ಚಿಟ್ಟುಕೊಂಡಳೋ, ರಾತ್ರಿ ಗಂಡ ಕೈ ಹಿಡಿದಾಗ ಯಾವ ಕೈ ಮುಂದಕ್ಕೆ ಚಾಚಿದಳು. ಓದುವವಳು ಅಲ್ಲಿ ನಿಲ್ಲಬಹುದು, ಹಿಂದಕ್ಕೆ ಹೋಗಬಹುದು, ಪುಸ್ತಕ ಮಡಿಸಿಟ್ಟು ಅನ್ನಕ್ಕೆ ನೀರಿಟ್ಟು ಬಂದು ಮತ್ತೆ ಅದೇ ಸಾಲಿನಿಂದ ಹಿಡಿಯಬಹುದು. ಧಾರಾವಾಹಿಯಾದರೆ ಮುಂದಿನ ವಾರದವರೆಗೆ ಆ ಬೆರಳು ಹಾಗೇ ಇರುತ್ತದೆ. ಪರದೆಯಲ್ಲಿ ಅದು ಎರಡು ಸೆಕೆಂಡು. ನಿರ್ದೇಶಕನಿಗೆ ಇದು ಸಾಲದೆನಿಸಿ ಬೆರಳನ್ನು ದೊಡ್ಡದಾಗಿ ತೋರಿಸುತ್ತಾನೆ, ವೀಣೆ ಬಾರಿಸುತ್ತಾನೆ, ಹೊರಗೆ ಗುಡುಗು ಹಾಕಿಸುತ್ತಾನೆ. ಹಿಗ್ಗಿಸಿದಷ್ಟೂ ಅದು ಬರಿಯ ಬೆರಳಾಗುತ್ತದೆ. ಕಾವು ಇದ್ದದ್ದು ಬೆರಳಲ್ಲಲ್ಲ, ಅದರ ಸುತ್ತ ಕಾಯುತ್ತಿದ್ದ ಮನಸ್ಸಿನಲ್ಲಿ.

ಕಾನೂನು ನಂಬುವುದು ಇದಕ್ಕೆ ವಿರುದ್ಧವಾದದ್ದನ್ನು. ಡಿ.ಎಚ್. ಲಾರೆನ್ಸ್ 1928ರಲ್ಲಿ ಪ್ರಕಟಿಸಿದ ‘ಲೇಡಿ ಚಾಟರ್ಲಿಸ್ ಲವರ್’ ಕಾದಂಬರಿಯನ್ನು ಮಾರಿದ್ದಕ್ಕೆ ಬೊಂಬಾಯಿಯ ಪುಸ್ತಕ ವ್ಯಾಪಾರಿ ರಂಜಿತ್ ಉದೇಶಿಗೆ ಶಿಕ್ಷೆಯಾಯಿತು, 1964ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ತೀರ್ಪು ಬರೆದವರು ನ್ಯಾಯಮೂರ್ತಿ ಹಿದಾಯತುಲ್ಲಾ. ಚಿತ್ರನಿರ್ದೇಶಕ ಕೆ.ಎ. ಅಬ್ಬಾಸ್ ಅವರು ಸಿನಿಮಾ ಸೆನ್ಸಾರನ್ನೇ ಪ್ರಶ್ನಿಸಿದಾಗ 1970ರ ತೀರ್ಪನ್ನು ಬರೆದವರೂ ಅವರೇ, ಆಗ ಮುಖ್ಯ ನ್ಯಾಯಮೂರ್ತಿಗಳು. ಉಳಿದ ಕಲೆಗಳಿಗಿಂತ ಸಿನಿಮಾ ಮನಸ್ಸನ್ನು ಹೆಚ್ಚು ಆಳವಾಗಿ ಕಲಕುತ್ತದೆ, ಆದ್ದರಿಂದ ಅದನ್ನು ಮೊದಲೇ ಪರೀಕ್ಷಿಸುವುದು ಸರಿ ಎಂಬುದು ಅದರ ತಿರುಳು. ಭಯ, ಹಿಂಸೆ, ಅಳುವಿನ ವಿಷಯದಲ್ಲಿ ಅದು ಸತ್ಯವಿರಬಹುದು. ಕಾಮದ ವಿಷಯದಲ್ಲಿ ಓದುಗರ ಅನುಭವ ಬೇರೆಯೇ ಹೇಳುತ್ತದೆ. ಅ.ನ.ಕೃ. ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಬರೆದಾಗ ಅಶ್ಲೀಲವೆಂದು ನಾಡಿನಲ್ಲಿ ಕೋಲಾಹಲವೆದ್ದಿತು. ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದು ಅವರು ಉತ್ತರ ಕೊಡಬೇಕಾಯಿತು. ಅಷ್ಟು ಗದ್ದಲವನ್ನು ಬರೀ ಅಕ್ಷರ ಎಬ್ಬಿಸಿತ್ತು. ಅದೇ ಅ.ನ.ಕೃ. ಅವರಿಂದ ಕನ್ನಡ ಸಿನಿಮಾ 1966ರಲ್ಲಿ ತೆಗೆದುಕೊಂಡದ್ದು ‘ಸಂಧ್ಯಾರಾಗ’ವನ್ನು, ಸಂಗೀತಗಾರನೊಬ್ಬನ ಮನೆತನದ ಕಥೆಯನ್ನು.

ಈಗ ‘ಎಡಕಲ್ಲು ಗುಡ್ಡದ ಮೇಲೆ’ಗೆ ಬರುತ್ತೇನೆ. ಈ ಪ್ರಶ್ನೆಯ ಎರಡೂ ಮುಖ ಕಾಣುವುದು ಅದರಲ್ಲಿ. ಕಾದಂಬರಿ ಕೊಡಗಿನ ಭಾರತೀಸುತರದು. ಗುಡ್ಡ ವಯನಾಡಿನದು, ಅದರ ಗುಹೆಯ ಗೋಡೆಗಳಲ್ಲಿ ಪ್ರಾಚೀನ ಮನುಷ್ಯರು ಗೀರಿದ ಚಿತ್ರಗಳಿವೆ. ಪುಟ್ಟಣ್ಣ 1973ರಲ್ಲಿ ಇದನ್ನು ತೆರೆಗೆ ತಂದರು. ದೇಹಸುಖ ಕೊಡಲಾರದ ಗಂಡ, ಇನ್ನೂ ಬದುಕಿನ ಆಸೆ ಆರದ ಹೆಂಡತಿ ಮಾಧವಿ, ಅವಳ ಕಣ್ಣಿಗೆ ಬೀಳುವ ಯುವಕ ನಂಜುಂಡ. ಲಾರೆನ್ಸನ ಕಾದಂಬರಿಯ ಎಳೆ ಇದರಲ್ಲಿ ಸ್ಪಷ್ಟವಾಗಿಯೇ ಕಾಣುತ್ತದೆ. ಮಾಧವಿಯಾಗಿ ಜಯಂತಿ, ನಂಜುಂಡನಾಗಿ ಚಂದ್ರಶೇಖರ್. ಆ ಒಂದು ಪಾತ್ರ ಮಾಡಿದ್ದಕ್ಕೆ ಅವರು ಜೀವನವಿಡೀ ‘ಎಡಕಲ್ಲು ಗುಡ್ಡದ ಚಂದ್ರಶೇಖರ್’ ಆಗಿಯೇ ಉಳಿದರು.

ಆ ಕಾಲಕ್ಕೆ ಇದು ಎಂಥ ಧೈರ್ಯವೆಂದು ಇಂದಿನ ಹುಡುಗರಿಗೆ ತಿಳಿಯಲಿಕ್ಕಿಲ್ಲ. ಕನ್ನಡದ ನಾಯಕಿ ಅಲ್ಲಿಯವರೆಗೆ ಪ್ರೀತಿಸಿದ್ದಳು, ತ್ಯಾಗ ಮಾಡಿದ್ದಳು, ‘ಶರಪಂಜರ’ದ ಕಾವೇರಿಯಾಗಿ ಹುಚ್ಚಿಯೆನಿಸಿಕೊಂಡಿದ್ದಳು. ಮದುವೆಯಾದ ಹೆಣ್ಣು ‘ನನಗೆ ಬೇಕು’ ಎಂಬ ಮುಖ ಹೊತ್ತು ತೆರೆಯ ನಡುವೆ ನಿಂತಿರಲಿಲ್ಲ. ಜಯಂತಿ ನಿಂತರು. ಅವರಿಗೆ ರಾಜ್ಯಪ್ರಶಸ್ತಿ ಬಂದದ್ದು ನ್ಯಾಯವಾಗಿತ್ತು. ಚಿತ್ರದಲ್ಲಿ ಅತ್ಯಂತ ಕಾವಿರುವ ಜಾಗ ಯಾವುದು? ಮಾಧವಿ ಮತ್ತು ನಂಜುಂಡ ಜೊತೆಗಿರುವ ದೃಶ್ಯಗಳಲ್ಲ. ಮಾಧವಿ ಒಬ್ಬಳೇ ಇರುವ ವಿರಹದ ಹಾಡು. ಎಂ. ರಂಗರಾಯರ ಸಂಗೀತ, ಎಸ್. ಜಾನಕಿಯವರ ಕಂಠ. ಆ ಹಾಡಿನಲ್ಲಿ ಯಾರೂ ಯಾರನ್ನೂ ಮುಟ್ಟುವುದಿಲ್ಲ. ಆದರೂ ಅವಳ ಮೈಯೊಳಗೆ ಏನು ನಡೆಯುತ್ತಿದೆಯೆಂಬುದು ಕೇಳುವವರ ಮೈಗೆ ತಿಳಿಯುತ್ತದೆ. ಕಾದಂಬರಿಯ ಒಳದನಿಗೆ ಸಿನಿಮಾದಲ್ಲಿ ಹಾಡು ಸಮಾನವಾಗಿ ನಿಂತಿತು. ಕನ್ನಡ ಸಿನಿಮಾದ ಶೃಂಗಾರವೆಲ್ಲ ಹಾಡಿನಲ್ಲಿ ಅಡಗಿ ಕೂತಿದೆ ಎಂದು ಜನ ಆಡಿಕೊಳ್ಳುವುದುಂಟು. ನಾನು ಅದನ್ನು ದೂರಾಗಿ ಹೇಳುವುದಿಲ್ಲ. ರೇಡಿಯೊದಲ್ಲಿ ಆ ಹಾಡು ಬಂದಾಗ ಅಡುಗೆಮನೆಯಲ್ಲಿರುವ ಹೆಂಗಸು ಮತ್ತೆ ಒಬ್ಬಂಟಿ, ಮತ್ತೆ ಓದುವವಳು.

ಆದರೆ ಕಥೆ ಮುಗಿಯುವ ಹೊತ್ತಿಗೆ ಚಿತ್ರಕ್ಕೆ ಭಯ ಹಿಡಿಯುತ್ತದೆ. ಮಾಧವಿಗೆ ದುರಂತವೇ ಗತಿ. ಬಯಸಿದವಳು ಬೆಲೆ ತೆರಬೇಕು, ತೆತ್ತದ್ದು ಎಲ್ಲರಿಗೂ ಕಾಣಬೇಕು. ಅಲ್ಲಿಯವರೆಗೆ ಅವಳ ಉಸಿರಿನ ಜೊತೆ ಉಸಿರಾಡಿದ ನಾವು ಒಮ್ಮೆಗೇ ನ್ಯಾಯಪೀಠದಲ್ಲಿ ಕೂರುವ ಹಾಗಾಗುತ್ತದೆ. ಲಾರೆನ್ಸನ ನಾಯಕಿ ಕಾನಿ ಸಾಯುವುದಿಲ್ಲ. ಕಾದಂಬರಿ ಮುಗಿಯುವಾಗ ಅವಳೂ ಅವಳ ಪ್ರಿಯನೂ ಬದುಕಿದ್ದಾರೆ, ಸದ್ಯಕ್ಕೆ ದೂರವಿದ್ದರೂ ಮುಂದೆ ಜೊತೆಯಾಗುವ ನಿರೀಕ್ಷೆಯಲ್ಲಿದ್ದಾರೆ. ಇಂಗ್ಲೆಂಡಿನಲ್ಲಿ ಆ ಪುಸ್ತಕವನ್ನು ನಿಷೇಧಿಸುವಷ್ಟು ಸಿಟ್ಟು ಬಂದದ್ದಕ್ಕೆ ಈ ಅಂತ್ಯವೂ ಕಾರಣವಿರಬೇಕೆಂದು ನನಗೆ ಅನಿಸುತ್ತದೆ. ಪಾಪ ಮಾಡಿ ಸತ್ತವರನ್ನು ಸಮಾಜ ಬೇಗ ಕ್ಷಮಿಸುತ್ತದೆ, ಸುಖಪಟ್ಟು ಬದುಕಿದವರನ್ನು ಕ್ಷಮಿಸುವುದಿಲ್ಲ. ಕಡೆಯ ದೃಶ್ಯದಲ್ಲಿ ಹೆಣ್ಣನ್ನು ಶಿಕ್ಷಿಸುವ ಚಿತ್ರ ಹಿಂದಿನ ಎರಡು ಗಂಟೆಗಳ ಕಾವಿಗೂ ನೀರು ಹೊಯ್ಯುತ್ತದೆ. ‘ಇದನ್ನೆಲ್ಲ ತೋರಿಸಿದ್ದು ನಿಮಗೆ ಬುದ್ಧಿ ಹೇಳಲಿಕ್ಕೆ’ ಎಂದ ಹಾಗಾಗುತ್ತದೆ. ಪುಟ್ಟಣ್ಣನವರ ಬಗ್ಗೆ ನನಗಿರುವ ಗೌರವ ಅಳೆಯಲಾರದ್ದು. ಹೆಣ್ಣಿನ ಮನಸ್ಸಿನ ಬಾಗಿಲಿನವರೆಗೆ ನಮ್ಮನ್ನು ಕರೆದುಕೊಂಡು ಹೋದವರು ಅವರು. ಆದ್ದರಿಂದಲೇ, ಬಾಗಿಲಿನಿಂದ ಹಿಂದಿರುಗಿದ್ದಕ್ಕೆ ನೋವಾಗುತ್ತದೆ.

ಅವರ ಕೊನೆಯ ಚಿತ್ರ ‘ಮಸಣದ ಹೂವು’ ಕೂಡ ತ.ರಾ.ಸು. ಕಾದಂಬರಿಯೇ, ವೇಶ್ಯಾಗೃಹದ ಕಥೆ. ಅದು ಮುಗಿಯುವ ಮುನ್ನ 1985ರ ಜೂನ್‌ನಲ್ಲಿ ಪುಟ್ಟಣ್ಣ ತೀರಿಕೊಂಡರು, ಕೆ.ಎಸ್.ಎಲ್. ಸ್ವಾಮಿ ಪೂರೈಸಿದರು. ತ.ರಾ.ಸು. ಅದನ್ನು ನೋಡಲು ಇರಲಿಲ್ಲ, ಹಿಂದಿನ ವರ್ಷವೇ ಹೋಗಿಬಿಟ್ಟಿದ್ದರು.

‘ನಾಗರಹಾವು’ ಹಿಂದಿಗೆ ಹೋದ ಕಥೆಯನ್ನೂ ಇಲ್ಲಿ ಹೇಳಬೇಕು. 1974ರಲ್ಲಿ ಪುಟ್ಟಣ್ಣ ತಾವೇ ಅದನ್ನು ‘ಜಹರೀಲಾ ಇನ್ಸಾನ್’ ಎಂದು ಮಾಡಿದರು. ಹಿಂದಿನ ವರ್ಷ ‘ಬಾಬಿ’ಯಲ್ಲಿ ದೇಶದ ಹುಡುಗಿಯರ ಮನಸ್ಸು ಗೆದ್ದಿದ್ದ ರಿಷಿ ಕಪೂರ್ ನಾಯಕ, ಮೌಶುಮಿ ಚಟರ್ಜಿ, ನೀತು ಸಿಂಗ್ ನಾಯಕಿಯರು, ಆರ್.ಡಿ. ಬರ್ಮನ್ ಸಂಗೀತ. ನಿರ್ದೇಶಕ ಅವರೇ, ಕಥೆ ಅದೇ, ಅಂಬರೀಷ್ ಕೂಡ ಕನ್ನಡದಲ್ಲಿ ಮಾಡಿದ ಪುಂಡನ ಪಾತ್ರದಲ್ಲೇ. ಚಿತ್ರ ಬಿದ್ದುಹೋಯಿತು, ಕಿಶೋರ್ ಕುಮಾರರ ಒಂದು ಹಾಡು ಮಾತ್ರ ಉಳಿಯಿತು. ಕನ್ನಡದಲ್ಲಿ ನಾಯಕ ರಾಮಾಚಾರಿಯ ಸಿಟ್ಟಿಗೂ ಆಸೆಗೂ ಒಂದು ಮೈ ಇತ್ತು. ಅದು ದುರ್ಗದ ಬಂಡೆಯ ಬಿಸಿ, ಮಡಿವಂತ ಮನೆಯ ಬಿಗಿ, ಮೇಷ್ಟ್ರ ಮಾತಿಗೆ ಎದುರಾಡಬಾರದೆಂಬ ಹಳೆಯ ಊರಿನ ಕಟ್ಟು. ಪ್ರೀತಿಸಿದ ಅಲಮೇಲುವನ್ನು ಬಿಟ್ಟುಬಿಡೆಂದು ಚಾಮಯ್ಯ ಮೇಷ್ಟ್ರು ಕೇಳಿಕೊಂಡಾಗ ಆ ಹುಡುಗ ಯಾಕೆ ಬಿಟ್ಟ ಎಂಬುದು ನಮ್ಮ ಸೀಮೆಯಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ. ಮುಂದೆ ಹೋಟೆಲಿನ ಕೋಣೆಯಲ್ಲಿ ಅವನು ಅಲಮೇಲುವನ್ನು ಮೈಮಾರುವವಳಾಗಿ ಕಂಡಾಗ ಎದೆ ಒಡೆಯುವುದು ಆ ಬಿಟ್ಟುಕೊಟ್ಟದ್ದರ ಭಾರದಿಂದ. ತಡೆ ಎಷ್ಟು ಗಟ್ಟಿಯೋ ಬಯಕೆ ಅಷ್ಟು ಗಟ್ಟಿ. ತಡೆಯನ್ನು ನಂಬದ ಪ್ರೇಕ್ಷಕನಿಗೆ ಬಯಕೆಯೂ ಕಾಣುವುದಿಲ್ಲ. ಕನ್ನಡದ ರಾಮಾಚಾರಿ ನಿಂತದ್ದಕ್ಕೆ ಇನ್ನೊಂದು ಕಾರಣ ಹೊಸ ಮುಖ. ಓದುಗರ ಮನಸ್ಸಿನಲ್ಲಿ ಅದಾಗಲೇ ಒಬ್ಬ ರಾಮಾಚಾರಿ ಇದ್ದ, ವಿಷ್ಣುವರ್ಧನ್ ಮುಖಕ್ಕೆ ಬೇರೆ ಯಾವ ಗುರುತೂ ಅಂಟಿರಲಿಲ್ಲ, ಎರಡೂ ಕೂಡಿಕೊಂಡವು. ರಿಷಿ ಕಪೂರ್ ಮುಖದಲ್ಲಿ ಜನ ಬಾಬಿಯ ಹುಡುಗನನ್ನೇ ಹುಡುಕಿದರು.

ಹಾಗಾದರೆ ಕಾವು ಉಳಿಸಿಕೊಂಡ ಸಿನಿಮಾ ನಮ್ಮಲ್ಲಿ ಇಲ್ಲವೇ? ಇದೆ. ಶ್ರೀಕೃಷ್ಣ ಆಲನಹಳ್ಳಿಯವರ ಎರಡು ಕಾದಂಬರಿಗಳೇ ಸಾಕು.

‘ಪರಸಂಗದ ಗೆಂಡೆತಿಮ್ಮ’ನಲ್ಲಿ ಪೇಟೆಯಿಂದ ಸಾಮಾನು ತಂದು ಹಳ್ಳಿಯಲ್ಲಿ ಮಾರುವ ತಿಮ್ಮ, ಪೇಟೆಯ ಗಾಳಿ ಕಂಡ ಅವನ ಹೆಂಡತಿ ಮರಂಕಿ. ಅವಳಿಗೆ ಬೇಕಾದದ್ದು ವಾಸನೆ ಸೋಪು, ಮುಖಕ್ಕೆ ಪೌಡರು, ಒಳಗೆ ತೊಡುವ ಬಾಡಿ. ಹಳ್ಳಿಯ ಹೆಂಗಸರು ಮೊದಲು ಮೂಗು ಮುರಿದು, ಆಮೇಲೆ ಗುಟ್ಟಾಗಿ ತಾವೂ ಬೇಕೆನ್ನುತ್ತಾರೆ. ಕಾಮವನ್ನು ಆಲನಹಳ್ಳಿಯವರು ಸಾಮಾನಿನೊಳಗೆ ಇಟ್ಟರು. ಸಾಮಾನು ಕ್ಯಾಮೆರಾದ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಮಾರುತಿ ಶಿವರಾಂ 1978ರಲ್ಲಿ ಮಾಡಿದ ಚಿತ್ರದಲ್ಲಿ ಲೋಕೇಶ್ ಆ ಗಂಟನ್ನು ಹೊತ್ತು ಬರುವಾಗಲೇ ಊರಿನ ಹೆಣ್ಣುಗಳ ಆಸೆ ಅವರ ಹೆಗಲ ಮೇಲಿರುತ್ತದೆ. ಮಂಚದ ದೃಶ್ಯ ಬೇಕಾಗುವುದಿಲ್ಲ. ಮರಂಕಿಯ ಕಥೆಯೂ ಸಾವಿನಲ್ಲಿ ಮುಗಿಯುತ್ತದೆ, ಆದರೆ ಅಲ್ಲಿ ಅವಳನ್ನು ಕೊಲ್ಲುವುದು ಊರೆಂಬುದು ನಮಗೆ ತಿಳಿಯುತ್ತದೆ, ಕಥೆ ಊರಿನ ಪರ ನಿಲ್ಲುವುದಿಲ್ಲ. ಮಾಧವಿಯ ಅಂತ್ಯಕ್ಕೂ ಮರಂಕಿಯ ಅಂತ್ಯಕ್ಕೂ ಇರುವ ಈ ವ್ಯತ್ಯಾಸ ನನಗೆ ಬಹಳ ಮುಖ್ಯ.

ಇನ್ನೊಂದು ‘ಕಾಡು’. ಗಿರೀಶ ಕಾರ್ನಾಡರು 1973ರಲ್ಲಿ ಮಾಡಿದ್ದು, ‘ಎಡಕಲ್ಲು’ ಬಂದ ವರ್ಷವೇ. ಊರ ಗೌಡ ಪಕ್ಕದೂರಿನ ಹೆಂಗಸಿನ ಬಳಿ ಹೋಗುತ್ತಾನೆ, ಹೆಂಡತಿ ಬೇಯುತ್ತಾಳೆ, ಎರಡು ಊರುಗಳ ನಡುವೆ ಕಾಡು, ಕಾಡಿನಲ್ಲಿ ರಕ್ತ. ಇದನ್ನೆಲ್ಲ ನೋಡುವವನು ಕಿಟ್ಟಿ ಎಂಬ ಪುಟ್ಟ ಹುಡುಗ. ಅವನಿಗೆ ಅರ್ಥವಾಗುವುದಿಲ್ಲ, ಆದರೆ ಏನೋ ದೊಡ್ಡದು ನಡೆಯುತ್ತಿದೆಯೆಂದು ಮೈಗೆ ಗೊತ್ತಾಗುತ್ತದೆ. ನಾವು ಅವನ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕೂತು ನೋಡುತ್ತೇವೆ. ಗುಂಪಿನಲ್ಲಿರುವ ಪ್ರೇಕ್ಷಕನನ್ನು ಒಬ್ಬಂಟಿ ಮಾಡುವ ದಾರಿ ಎಂದೆನಲ್ಲ, ಕಾರ್ನಾಡರು ಅದನ್ನು ಕಂಡುಕೊಂಡದ್ದು ಹೀಗೆ. ಕದ್ದು ನೋಡುವ ಮಗುವಿನ ಜೊತೆ ನಾವೂ ಕದ್ದು ನೋಡುತ್ತಿದ್ದೇವೆ ಎನಿಸಿದ ಮೇಲೆ ಸಿಳ್ಳೆ ಹಾಕಲು ಯಾರಿಗೂ ಬಾಯಿ ಬರುವುದಿಲ್ಲ. ಹೆಂಡತಿಯಾಗಿ ನಟಿಸಿದ ನಂದಿನಿ ಭಕ್ತವತ್ಸಲ ಅವರಿಗೂ ಕಿಟ್ಟಿಯಾದ ಜಿ.ಎಸ್. ನಟರಾಜನಿಗೂ ರಾಷ್ಟ್ರಪ್ರಶಸ್ತಿ ಬಂತು.

ಹೊರಗಿನ ಕಥೆ ಬೇಗ ಹೇಳಿಬಿಡಬಹುದು. ಇ.ಎಲ್. ಜೇಮ್ಸ್ ಅವರ ‘ಫಿಫ್ಟಿ ಶೇಡ್ಸ್ ಆಫ್ ಗ್ರೇ’ 2011ರಲ್ಲಿ ಬಂದು ಲೋಕವನ್ನೆಲ್ಲ ಓದಿಸಿತು. 2015ರಲ್ಲಿ ಸಿನಿಮಾ ಆಯಿತು. ದುಡ್ಡು ಧಾರಾಳವಾಗಿ ಬಂತು, 50 ಕೋಟಿ ಡಾಲರಿಗೂ ಮೀರಿ. ಆದರೆ ಆ ವರ್ಷದ ಕೆಟ್ಟ ಚಿತ್ರಕ್ಕೆ ಕೊಡುವ ರಾಜ್ಜಿ ಬಿರುದನ್ನೂ ಹಂಚಿಕೊಂಡಿತು. ನಮ್ಮ ಸೆನ್ಸಾರ್ ಮಂಡಳಿ ಅದಕ್ಕೆ ಪ್ರಮಾಣಪತ್ರವನ್ನೇ ಕೊಡಲಿಲ್ಲ. ಚಿತ್ರ ಹೇಗಿರಬೇಕೆಂಬುದರ ಬಗ್ಗೆ ಲೇಖಕಿಗೂ ನಿರ್ದೇಶಕಿ ಸ್ಯಾಮ್ ಟೇಲರ್-ಜಾನ್ಸನ್ ಅವರಿಗೂ ಜಗಳವಾಗಿತ್ತು, ಲೇಖಕಿ ತನ್ನ ಪುಸ್ತಕದ ಮಾತುಗಳು ಹಾಗೇ ಇರಬೇಕೆಂದು ಹಿಡಿದು ಕೂತರು. ಮುಂದಿನ ಭಾಗಗಳಿಗೆ ನಿರ್ದೇಶಕಿ ಬರಲಿಲ್ಲ, ಚಿತ್ರಕಥೆ ಲೇಖಕಿಯ ಗಂಡನೇ ಬರೆದರು. ಓದುವಾಗ ನಾಯಕಿಯ ತಲೆಯೊಳಗಿನ ಒದ್ದಾಟವೇ ಆ ಪುಸ್ತಕದ ಜೀವ. ತೆರೆಯಲ್ಲಿ ಆ ದನಿ ಹೋಗಿ, ಶ್ರೀಮಂತನ ಮನೆಯ ಚೊಕ್ಕಟವಾದ ಗೋಡೆಗಳು, ದುಬಾರಿ ಕಾರುಗಳು ಉಳಿದವು. ಬರೆದದ್ದಕ್ಕೆ ನಿಷ್ಠೆಯಾಗಿರುವುದು ಕಾವಿಗೆ ನಿಷ್ಠೆಯಾಗಿರುವುದಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಲಾರೆನ್ಸನ ಕಾದಂಬರಿಯೂ ಎರಡು ಗತಿ ಕಂಡಿತು. ‘ಎಮ್ಯಾನ್ಯುಯೆಲ್’ ಚಿತ್ರದಿಂದ ಹೆಸರಾದ ನಿರ್ದೇಶಕ ಜಸ್ಟ್ ಜೆಕಾಂ ಅದೇ ಚಿತ್ರದ ನಟಿ ಸಿಲ್ವಿಯಾ ಕ್ರಿಸ್ಟೆಲ್ ಅವರನ್ನು ಹಾಕಿಕೊಂಡು 1981ರಲ್ಲಿ ಮಾಡಿದ ಚಿತ್ರದಲ್ಲಿ ಮೈಯೆಲ್ಲ ಇದೆ, ಮನಸ್ಸಿಲ್ಲ. 2006ರಲ್ಲಿ ಫ್ರಾನ್ಸಿನ ಪಾಸ್ಕಲ್ ಫೆರಾಂ ಎಂಬ ನಿರ್ದೇಶಕಿ ಲಾರೆನ್ಸನ ಮೊದಲ ಕರಡುಗಳಲ್ಲೊಂದನ್ನು ಹಿಡಿದು ಎರಡೂಮುಕ್ಕಾಲು ಗಂಟೆಯ ಚಿತ್ರ ಮಾಡಿದರು. ಅದರಲ್ಲಿ ಕಾನಿ ಕಾಡಿನಲ್ಲಿ ನಡೆಯುತ್ತಾಳೆ, ಹೂವು ನೋಡುತ್ತಾಳೆ, ಗುಡಿಸಲ ಮೆಟ್ಟಿಲ ಮೇಲೆ ಕೂತು ಕಣ್ಣು ಮುಚ್ಚುತ್ತಾಳೆ. ಓದುವವಳಿಗೆ ಇರುವ ಪುರಸೊತ್ತನ್ನು ಆ ನಿರ್ದೇಶಕಿ ನೋಡುವವರಿಗೂ ಕೊಟ್ಟರು. ಫ್ರಾನ್ಸಿನ ಅತ್ಯುತ್ತಮ ಚಿತ್ರಕ್ಕಿರುವ ಸೀಜರ್ ಪ್ರಶಸ್ತಿ ಅದಕ್ಕೆ ಬಂತು.

ಈಗ ಕಾಲ ಬದಲಾಗಿದೆ, ಮೊಬೈಲಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಎಲ್ಲರೂ ಒಬ್ಬೊಬ್ಬರೇ ನೋಡುತ್ತಾರಲ್ಲ ಎಂದು ಯಾರಾದರೂ ಕೇಳಬಹುದು. ನಿಜ, ಶಾಮನೂರು ರಸ್ತೆಯ ಹಾಸ್ಟೆಲುಗಳಲ್ಲಿರುವ ಹುಡುಗಿಯರಿಗೆ ಇಂದು ತಲೆ ತಗ್ಗಿಸಬೇಕಾದ ಬಾಲ್ಕನಿ ಇಲ್ಲ. ಆದರೆ ಒಬ್ಬಂಟಿತನ ಒಂದೇ ಸಾಲದು. ಪೋಲೆಂಡಿನ ‘365 ಡೇಸ್’ ಎಂಬ ಕಾದಂಬರಿಯ ಸಿನಿಮಾ 2020ರಲ್ಲಿ ನೆಟ್‌ಫ್ಲಿಕ್ಸಿನಲ್ಲಿ ಬಂದಾಗ ಲೋಕವೆಲ್ಲ ನೋಡಿತು, ಕೆಟ್ಟ ಚಿತ್ರಕಥೆಯೆಂದು ಅದಕ್ಕೂ ರಾಜ್ಜಿ ಸಿಕ್ಕಿತು. ಅದೇ ವರ್ಷ ಐರಿಷ್ ಲೇಖಕಿ ಸ್ಯಾಲಿ ರೂನಿಯವರ ‘ನಾರ್ಮಲ್ ಪೀಪಲ್’ ಕಾದಂಬರಿ ಅರ್ಧರ್ಧ ಗಂಟೆಯ 12 ಕಂತುಗಳಾಗಿ ಬಂತು. ಇಬ್ಬರು ಹುಡುಗ ಹುಡುಗಿ, ಸಣ್ಣ ಊರು, ಹೇಳಲಾಗದೆ ಉಳಿದ ಮಾತುಗಳು. ಅದು ಸುಟ್ಟಿತು. ಅದರ ಆಪ್ತ ದೃಶ್ಯಗಳನ್ನು ಇಟಾ ಓಬ್ರಯನ್ ಎಂಬಾಕೆ ನೃತ್ಯದ ಹೆಜ್ಜೆಗಳ ಹಾಗೆ ಮೊದಲೇ ಗೊತ್ತುಮಾಡಿ ನಟರಿಗೆ ಕಲಿಸಿದ್ದರು. ಯಾರ ಕೈ ಎಲ್ಲಿಯವರೆಗೆ, ಯಾರು ಯಾವಾಗ ನಿಲ್ಲಿಸಬಹುದು ಎಲ್ಲ ನಿಶ್ಚಯವಾಗಿತ್ತು. ಮೈಯ ಭಯ ಹೋದ ನಟರ ಮುಖದಲ್ಲಿ ಮನಸ್ಸು ಕಾಣಿಸಿತು. ನಮ್ಮ ಜಯಂತಿಯವರ ಕಾಲದ ನಟಿಯರಿಗೆ ಅಂಥ ಆಸರೆ ಇರಲಿಲ್ಲ. ಅವರು ಮಾಡಿದ್ದೆಲ್ಲ ತಮ್ಮ ಎದೆಗಾರಿಕೆಯಿಂದ.

ಕಂತುಗಳ ಈ ರೂಪ ನಮ್ಮ ವಾರಪತ್ರಿಕೆಯ ಧಾರಾವಾಹಿಗೆ ಬಹಳ ಹತ್ತಿರದ್ದು. ಕಾಯಿಸುವುದು, ಮುಂದಿನ ವಾರಕ್ಕೆ ಬೆರಳನ್ನು ಹಾಗೇ ಉಳಿಸುವುದು ಅದಕ್ಕೆ ಬರುತ್ತದೆ. ಕನ್ನಡದಲ್ಲಿ ಅದಕ್ಕೆ ದಾರಿ ಇನ್ನೂ ಕಿರಿದು. ‘ಏಕಂ’ ಎಂಬ ಏಳು ಕಥೆಗಳ ಸರಣಿಯನ್ನು ದೊಡ್ಡ ವೇದಿಕೆಗಳು ತೆಗೆದುಕೊಳ್ಳದೆ, ನಿರ್ಮಾಪಕರು 2024ರಲ್ಲಿ ತಮ್ಮದೇ ತಾಣದಲ್ಲಿ ಬಿಡಬೇಕಾಯಿತು. ಕನ್ನಡಿಗರು ಕೊಂಡು ನೋಡುವುದಿಲ್ಲವೆಂಬ ಮಾತನ್ನು ಆ ವೇದಿಕೆಗಳು ಬಿಡಬೇಕು, ನಾವೂ ಅದು ಸುಳ್ಳೆಂದು ತೋರಿಸಬೇಕು.

ಒಬ್ಬ ನಿರ್ಮಾಪಕನಾದರೂ ಇದನ್ನು ಓದಿದರೆ ನನ್ನ ಕೋರಿಕೆ ಇಷ್ಟು. ಭಾರತೀಸುತರ ಮಾಧವಿಯನ್ನು ಮತ್ತೆ ಕೈಗೆತ್ತಿಕೊಳ್ಳಿ. ಅವಳಿಗೆ ಎಂಟು ಕಂತು ಕೊಡಿ. ಚಿತ್ರಕಥೆಯನ್ನು ಒಬ್ಬ ಹೆಣ್ಣುಮಗಳು ಬರೆಯಲಿ. ನಂಜುಂಡನ ಪಾತ್ರಕ್ಕೆ ಯಾರೂ ಕಾಣದ ಮುಖ ಹುಡುಕಿ, ರಂಗಾಯಣದಲ್ಲೋ ನೀನಾಸಂನಲ್ಲೋ ಸಿಗುತ್ತಾನೆ. ಗುಡ್ಡ ಹಾಗೇ ಇದೆ, ಮಂಜೂ ಹಾಗೇ ಬೀಳುತ್ತದೆ. ಮೊದಲ ಎರಡು ಕಂತು ಯಾರೂ ಯಾರನ್ನೂ ಮುಟ್ಟದಿರಲಿ. ಎಂಟನೆಯ ಕಂತಿನ ಕೊನೆಗೆ ಮಾಧವಿ ಬದುಕಿರಲಿ.